ಎಂಟು ಕಾಲಿನ ಕುದುರೆ

ನಮ್ಮಣ್ಣನಿಗೆ ಸರಿಯಾಗಿರುವ ವಸ್ತು ಕಂಡರೆ ಆಗುವುದಿಲ್ಲ. ಎಲ್ಲರೂ ಚಲೋದನ್ನು ನೋಡಿ ತರುತ್ತಾರೆ, ಇವನು ಕೆಟ್ಟದ್ದನ್ನು ಆರಿಸಿ ತರುತ್ತಾನೆ. ವಾರಕ್ಕೆ ಎರಡೆರಡು ಶುಕ್ರವಾರ ಅಚ್ಚಾದ ಕ್ಯಾಲೆಂಡರ್ ಚಿಂಚೋಳಿಯ ಅಂಗಡಿಯಲ್ಲಿ ಸಿಕ್ಕಿತೆಂದು ವರ್ಷವಿಡೀ ಅದನ್ನೇ ಗೋಡೆಗೆ ಹಾಕಿದ. ಆ ವರ್ಷ ಅವನ ಹೆಂಡತಿ, ಅಂದರೆ ನಮ್ಮ ವೈನಿ, ಎಷ್ಟು ಶುಕ್ರವಾರ ಉಪವಾಸ ಮಾಡಿದಳೋ ದೇವಿಗೇ ಗೊತ್ತು.

ಇದಕ್ಕೆ ಕಾರಣವಿದೆ. ಅಣ್ಣ ಶಹಾಬಾದಿನ ಸಣ್ಣ ಪ್ರೆಸ್ಸೊಂದರಲ್ಲಿ ಮದುವೆ ಕಾರ್ಡು ಅಚ್ಚು ಹಾಕುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಳೆ ಕೆಟ್ಟಾಗಲೆಲ್ಲ ಮಾಲೀಕರು ಬೈದು ಬಿಸಾಡುತ್ತಿದ್ದರು, ಇವನು ಆರಿಸಿ ಮಡಚಿ ಜೇಬಿಗಿಡುತ್ತಿದ್ದ. ಕೆಲಸ ಬಿಟ್ಟು ವಾಡಿಯ ಮನೆಯಲ್ಲಿ ಕುಂತ ಮೇಲೆ ಅಂಚೆಚೀಟಿಗೆ ಬಂದ. ಅವಾದರೂ ಎಂಥವು? ಬಣ್ಣ ತಪ್ಪಿದವು, ಚಿತ್ರ ಅಂಚಿಗೆ ಸರಿದವು, ತಲೆಕೆಳಗಾದವು.

"ಚಲೋ ಚೀಟಿ ಲಕ್ಷ ಇರ್ತಾವ ತಂಗಿ. ತಪ್ಪಿದ್ದು ಒಂದೋ ಎರಡೋ," ಅನ್ನುತ್ತಿದ್ದ.

"ಈ ಮನ್ಯಾಗ ಒಂದು ಅದ, ಅದೇ ಸಾಕಾಗ್ಯದ," ಎಂದು ವೈನಿ ಒಳಗಿಂದಲೇ ಅನ್ನುತ್ತಿದ್ದಳು.

ಹೈದರಾಬಾದಿನ ರದ್ದಿ ಅಂಗಡಿಯೊಂದರಲ್ಲಿ ಅವನಿಗೆ ಅಮೆರಿಕದ ಹಳೆಯ ಚೀಟಿಯೊಂದು ಸಿಕ್ಕಿತು. ಲಕೋಟೆಯ ತುಂಡಿಗೆ ಇನ್ನೂ ಅಂಟಿಕೊಂಡೇ ಇತ್ತು. ಆ ದೇಶದಲ್ಲಿ ಬಹಳ ಹಿಂದೆ ಒಂದೊಂದು ಊರಿನಲ್ಲಿ ಖಾಸಗಿ ಮಂದಿಯೇ ಟಪಾಲು ಹಂಚುತ್ತಿದ್ದರಂತೆ, ಚೀಟಿಯನ್ನೂ ತಾವೇ ಅಚ್ಚು ಹಾಕಿಸುತ್ತಿದ್ದರಂತೆ. ನಮ್ಮ ಸೇಡಂಗೊಬ್ಬ, ಚಿತ್ತಾಪುರಕ್ಕೊಬ್ಬ ಸ್ವಂತ ಟಪಾಲು ಇಟ್ಟ ಹಾಗೆ. ಇವನ ಚೀಟಿಯಲ್ಲಿ ಕುದುರೆ ಸವಾರನ ಚಿತ್ರವಿತ್ತು. ಹಾಳೆ ಎರಡು ಸಲ ಅಚ್ಚಿನಡಿ ಹೋಗಿ ಕುದುರೆಗೆ ಎಂಟು ಕಾಲು! ಅಣ್ಣ ಕೈಗಡಿಯಾರ ಬಿಚ್ಚಿಕೊಟ್ಟು ಅದನ್ನು ತಂದ. ಅಂದಿನಿಂದ ಸಿಕ್ಕವರನ್ನೆಲ್ಲ ವೇಳೆ ಎಷ್ಟಾಯಿತೆಂದು ಕೇಳುತ್ತಾನೆ.

"ಎಂಟು ಕಾಲಂದ್ರ ಟಪಾಲು ಭಾಳ ಲಗೂ ಮುಟ್ಟಿರಬೇಕಲ್ಲ?" ಅಂದೆ.

"ನಾಲ್ಕು ಲಾಳ ಹೆಚ್ಚಿಗಿ ಬಡೀಬೇಕಾಗ್ತಿತ್ತು, ಅಷ್ಟೇ," ಅಂದ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಐದನೇ ಇಯತ್ತೆ ಓದಿದವಳು. ಅಣ್ಣನ ಮನೆಯಲ್ಲೇ ಇದ್ದು ಕುಪ್ಪಸ ಹೊಲಿಯುತ್ತೇನೆ. ಲಕೋಟೆಗೆ ಅಂಟಿದ ಚೀಟಿಗಳನ್ನು ರವಿವಾರ ತಟ್ಟೆಯ ನೀರಿನಲ್ಲಿ ನೆನೆಹಾಕಿ, ಬಿಡಿಸಿ, ಟವೆಲ್ ಮೇಲೆ ಒಣಗಿಸುವುದೂ ನನ್ನ ಕೆಲಸ. ಅಣ್ಣನೇ ಕಲಿಸಿದ್ದು. ಒಂದು ರವಿವಾರ ಅವನು ಮಳಖೇಡಕ್ಕೆ ಹೋಗಿದ್ದ. ಕುದುರೆಯೂ ಲಕೋಟೆಗೆ ಅಂಟಿಕೊಂಡೇ ಇದೆಯಲ್ಲ, ಬಿಡಿಸಿಟ್ಟರೆ ಖುಷಿಪಟ್ಟಾನು ಎಂದುಕೊಂಡು ಅದನ್ನೂ ನೀರಿಗೆ ಬಿಟ್ಟೆ. ಹಳೆಯ ಮಿರುಗುವ ಕಾಗದ, ಬಣ್ಣವೆಲ್ಲ ನೀರಿಗಿಳಿಯಿತು. ತೆಗೆದು ನೋಡಿದರೆ ಎಂಟರಲ್ಲಿ ಒಂದು ಕಾಲೂ ಇಲ್ಲ, ಸವಾರನ ಟೋಪಿ ಮಾತ್ರ ಉಳಿದಿತ್ತು.

ಒಣಗಿಸಿ, ಆಲ್ಬಮ್ಮಿನಲ್ಲಿ ಅದರ ಜಾಗಕ್ಕೇ ಇಟ್ಟು ಮುಚ್ಚಿದೆ. ಹೇಳಲಿಲ್ಲ.

ಮೂರನೇ ದಿನ ಹೈದರಾಬಾದಿನಿಂದ ಚೀಟಿ ಬಲ್ಲ ಸಾಹೇಬರೊಬ್ಬರ ಫೋನ್ ಬಂತು. ಕುದುರೆ ನೋಡಲಿಕ್ಕೆಂದೇ ಬರುತ್ತಾರಂತೆ. ಅಣ್ಣನ ಹುಚ್ಚನ್ನು ಹುಚ್ಚೆನ್ನದ ಮೊದಲ ಮನುಷ್ಯ! ಅಣ್ಣ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಬಂದ. ನಾನು ಅರ್ಧ ರೊಟ್ಟಿಗೇ ತಾಟು ಬಿಟ್ಟು ಎದ್ದೆ.

ದೇವರು ದೊಡ್ಡವನು. "ಸಾಹೇಬ್ರಿಗಿ ಆರಾಮಿಲ್ಲಂತ, ಮುಂದಿನ ವಾರ ಬರ್ತಾರ," ಎಂದ ಅಣ್ಣ. ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮುಂದಿನ ವಾರ ಸಾಹೇಬರ ಮನೆಗೆ ಅಳಿಯ ಬಂದನಂತೆ. ಅದರ ಮುಂದಿನ ವಾರ ಅವರ ಗಾಡಿ ವಾಡಿಯಲ್ಲಿ ನಿಲ್ಲುವುದಿಲ್ಲವಂತೆ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದ ಗಾಡಿ ಯಾವುದಪ್ಪಾ? ನಾನು ಕೇಳಲಿಲ್ಲ. ಬಚಾವಾದವಳು ಯಾಕೆಂದು ಕೇಳುತ್ತಾಳೆಯೇ?

ನಾಲ್ಕನೇ ವಾರ "ಈ ಸಲನೂ ಇಲ್ಲ" ಎನ್ನುತ್ತ ಅಣ್ಣ ಮೊಳೆಗೆ ತೂಗುಹಾಕಿದ್ದ ಆ ಅಂಗಿಯನ್ನು ಟ್ರಂಕಿಗಿಡುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣಾ, ಕುದುರಿ ನಾನೇ ನೀರಾಗ ಹಾಕೀನಿ. ಎಲ್ಲಾ ಹೋಗ್ಯದ."

"ಗೊತ್ತದ," ಎಂದ.

"ಯಾವಾಗಿಂದ?"

"ಇಸ್ತ್ರಿ ಮಾಡಿಸಿದ ದಿನಾನೇ. ಸಾಹೇಬ್ರಿಗಿ ತೋರ್ಸಲಿಕ್ಕಿ ಆಲ್ಬಮ್ ಒರಸಿಡಮ ಅಂತ ತೆಗದಿದ್ದೆ."

"ಮತ್ತ ಸಾಹೇಬ್ರ ಅಳಿಯ?"

ಅಣ್ಣ ತುಸು ನಾಚಿದ. "ಅವರಿಗಿ ಅಳಿಯ ಇದ್ದಾನೋ ಇಲ್ಲೋ ಯಾರಿಗಿ ಗೊತ್ತು. ಅವರು ವಾರ ವಾರ ಬರ್ತೀನಂತಾರ, ನಾನೇ ಬ್ಯಾಡಂತೀನಿ. ಅವರ ಮುಂದ ಆಲ್ಬಮ್ ತೆರದ್ರ ನೀ ತಲಿ ತಗ್ಗಿಸಿ ನಿಂದರ್ತಿದ್ದಿ. ನೀನಾಗೇ ಹೇಳೋತನ ತಡೀಮ ಅಂದೆ."

ಬೈಗುಳಕ್ಕೆ ಕಾದು ನಿಂತೆ.

"ಅಳಬ್ಯಾಡವ್ವ. ನಾ ಕಲಿಸಿದಾಂಗೇ ಮಾಡೀದಿ. ಯಾವುದು ನೆನಿಹಾಕಬಾರದು ಅಂತ ನಾ ಹೇಳೇ ಇದ್ದಿಲ್ಲಲ್ಲ," ಎಂದು ಅಲ್ಲೇ ಫೋನ್ ಹಚ್ಚಿದ.

"ಸಾಹೇಬ್ರ, ಈ ರವಿವಾರ ಬರ್ರಿ. ಇಲ್ರಿ, ಕುದುರಿ ಉಳದಿಲ್ಲ, ಟೋಪಿ ಅಷ್ಟೇ ಅದ. ಹೆಂಗಂದ್ರ, ನನ್ನ ಕೈಲಿಂದೇ ನೀರಾಗ ಬಿತ್ರಿ. ಆದ್ರೂ ಬರ್ರಿ, ನಮ್ಮ ತಂಗಿ ಹುಗ್ಗಿ ಭಾಳ ಚಲೋ ಮಾಡ್ತಾಳ."

ಸಾಹೇಬರು ಬಂದರು. ಟೋಪಿಯನ್ನು ಬಹಳ ಹೊತ್ತು ನೋಡಿದರು. ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಇಂಥ ಚೀಟಿಯನ್ನು ನೀರಿಗೆ ಬೀಳಿಸಿದ್ದಕ್ಕೆ ಅಣ್ಣನಿಗೆ ಸರಿಯಾಗಿ ಬೈದೂ ಹೋದರು. ಅಣ್ಣ ಹೂಂ ಎನ್ನುತ್ತ ಕೇಳಿಸಿಕೊಂಡ. ಅವರ ಎದುರು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆದೆ. ಸಾಹೇಬರೇ, ನೀರಿಗೆ ಹಾಕಿದವಳು ನಾನು.