ಮೂರು ಪದರದ ಸೀಟು

"ಸೀಟಿನ ವಿಷಯದಲ್ಲಿ ನನಗೆ ಪಾಠ ಹೇಳೋರು ಇನ್ನು ಹುಟ್ಟಬೇಕಷ್ಟೆ" ಎಂದು ಸೋಫಾ ಮೇಸ್ತ್ರಿಗಳು ಹೆಂಡತಿಯ ಎದುರು ಸಾರಿಬಿಟ್ಟರು. ಸಾರುವ ಹಕ್ಕು ಅವರಿಗಿತ್ತು ಅನ್ನಿ. ಮೂವತ್ತು ವರ್ಷಗಳಿಂದ ಊರವರ ಬೆನ್ನು, ಸೊಂಟ, ಮತ್ತು ಹೆಸರು ಹೇಳಬಾರದ ಇನ್ನೊಂದು ಭಾಗ, ಎಲ್ಲದರ ಹೊಣೆ ಹೊತ್ತವರು ಅವರು! ಅವರು ಹೊಲಿದ ಸೋಫಾದಲ್ಲಿ ಕೂತ ನೆಂಟರು ಬೇಗ ಏಳುವುದಿಲ್ಲ ಎಂಬುದೊಂದೇ ಈವರೆಗೆ ಬಂದ ದೂರು.

ಹೆಂಡತಿಯ ಕೈಯಲ್ಲಿದ್ದದ್ದು ಶಾಲಾ ವ್ಯಾನಿನ ಸ್ಟಿಯರಿಂಗು. ಇಪ್ಪತ್ತೆರಡು ವರ್ಷ ಊರವರ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ್ದಾಳೆ, ವೇಗದ ಮುಳ್ಳು ಒಮ್ಮೆಯೂ ನಲವತ್ತು ದಾಟಿಲ್ಲ. ಸೈಕಲ್ಲಿನವರು ಕೂಡ ಅವಳನ್ನು ಹಿಂದೆ ಹಾಕಿ, ಕೈಬೀಸಿ ಹೋಗುತ್ತಿದ್ದರು. ಜನ್ಮದಲ್ಲಿ ಒಂದು ಸಲ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನೋಡಬೇಕೆಂಬುದು ಅವಳ ಆಸೆ. ಊರಾಚೆಯ ರೇಸ್ ಟ್ರ್ಯಾಕಿನವರು ವರ್ಷಕ್ಕೊಂದು ದಿನ ಸಾಮಾನ್ಯರನ್ನೂ ಅವರವರ ಕಾರಿನೊಂದಿಗೆ ಒಳಗೆ ಬಿಡುತ್ತಾರೆ. ಮೂರು ವರ್ಷ ಅರ್ಜಿ ಹಾಕಿ ಕಾದ ಮೇಲೆ ಈ ಸಲ ಅವಳಿಗೆ ಇಪ್ಪತ್ತು ನಿಮಿಷದ ಸರದಿ ಸಿಕ್ಕಿತ್ತು. ಇದು ತಪ್ಪಿದರೆ ಮತ್ತೆ ಯಾವಾಗಲೋ.

ಸೀಟು ಮತ್ತು ಹೆಲ್ಮೆಟ್ಟು ಸುರಕ್ಷಿತವಾಗಿರಬೇಕು ಎಂದು ಟ್ರ್ಯಾಕಿನವರ ಪತ್ರದಲ್ಲಿತ್ತು. ಅದರ ಕೆಳಗೆ ಎರಡು ಪುಟ ಸಣ್ಣಕ್ಷರದ ಸೂಚನೆಗಳೂ ಇದ್ದವು. ಮೇಸ್ತ್ರಿಗಳು 'ಸೀಟು' ಎಂಬಲ್ಲಿಗೇ ಓದು ನಿಲ್ಲಿಸಿ ಕತ್ತರಿ ಹುಡುಕಲು ಎದ್ದರು.

ನಿಜ ಹೇಳಬೇಕೆಂದರೆ ಅವರಿಗೆ ಭಯ. ಹೆಂಡತಿ ನೂರಿಪ್ಪತ್ತರ ವೇಗದಲ್ಲಿ ಹೋಗುವುದನ್ನು ನೆನೆದರೇ ಎದೆ ಝಲ್ಲೆನ್ನುತ್ತಿತ್ತು. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ. ಬಾಯಿಗೆ ಬಾರದ್ದನ್ನೆಲ್ಲ ಕೈಯಲ್ಲಿ ಹೊಲಿದುಬಿಡುವುದು ಅವರ ಅಭ್ಯಾಸ.

ಗಿರಾಕಿಗಳ ಸೋಫಾಗಳನ್ನೆಲ್ಲ ಗೋಡೆಗೊರಗಿಸಿ ಕೆಲಸಕ್ಕೆ ಕೂತರು. ಮನೆಯ ಹಳೇ ಕಾರಿನ ಡ್ರೈವರ್ ಸೀಟಿನ ಮೇಲೆ ಮೊದಲೊಂದು ಪದರ ಫೋಮು. ಅದರ ಮೇಲೆ ಅದಕ್ಕಿಂತ ಮೆತ್ತನೆಯದು. ಅಷ್ಟಕ್ಕೂ ಸಮಾಧಾನವಾಗದೆ ಮೂರನೆಯದು. ಕೆಂಪು ಮಖಮಲ್ಲಿನ ಹೊದಿಕೆ, ಬೆನ್ನಿಗೆ ಹದಿನಾರು ಗುಂಡಿ. ಸಿಂಹಾಸನಕ್ಕೆ ನಾಲ್ಕು ಚಕ್ರ ಬಂದಂತಾಯಿತು!

ಸಿಂಹಾಸನಾರೂಢಳಾದ ಹೆಂಡತಿಯ ತಲೆ ಚಾವಣಿಗೆ ತಾಗಿತು.

"ರೀ, ಇದರ ಮೇಲೆ ಹೆಲ್ಮೆಟ್ ಹಾಕ್ಕೊಂಡ್ರೆ ತಲೆ ಎಲ್ಲಿಡ್ಲಿ?"

"ನಾಲ್ಕು ದಿನ ಕೂತ್ಕೊಳೇ, ಫೋಮ್ ತಾನಾಗೇ ಇಳಿಯುತ್ತೆ."

ಗಂಡನ ಮನಸ್ಸು ನೋಯಿಸಬಾರದೆಂದು ಅವಳು ನಾಲ್ಕು ದಿನ ಕಾರಿನಲ್ಲೇ ತಿಂಡಿ ತಿಂದಳು, ಕಾರಿನಲ್ಲೇ ತರಕಾರಿ ಹೆಚ್ಚಿದಳು. ಫೋಮು ಎರಡು ಬೆರಳಷ್ಟು ಇಳಿಯುವುದರೊಳಗೆ ಪಕ್ಕದ ಮನೆಯವರು ಗಂಡಹೆಂಡಿರ ಜಗಳವೆಂದುಕೊಂಡು ರಾಜಿ ಮಾಡಿಸಲು ಬಂದಿದ್ದರು.

ಇನ್ನು ಹೆಲ್ಮೆಟ್ಟು. ಅವಳು ತಲೆ ಬಾಚುವಾಗ ಹಿಂದಿನಿಂದ ಹೋಗಿ ಟೇಪು ಸುತ್ತಿ ಅಳತೆ ತೆಗೆದರು. ಸೋಫಾ ಬಟ್ಟೆಗೆ ಬಿಡುವ ಹಾಗೆ ಹೊಲಿಗೆಯ ಅಂಚಿಗೆಂದು ಎರಡು ಬೆರಳು ಹೆಚ್ಚಿಗೆ ಸೇರಿಸಿದರು. ಹೆಲ್ಮೆಟ್ಟಿಗೆ ಹೊಲಿಗೆಯೇ ಇಲ್ಲವೆಂಬುದು ಹೊಳೆಯಲಿಲ್ಲ. ಬಿಗಿಯಾಗಿ ಕೆನ್ನೆ ಒತ್ತುವಂತಿರಬೇಕು ಎಂದು ಅಂಗಡಿಯವನು ಬಡಕೊಂಡ. ನನ್ನ ಹೆಂಡತಿಯ ಕೆನ್ನೆ ಒತ್ತಲು ನೀನ್ಯಾರಯ್ಯ ಎಂದು ಅವನ ಮೇಲೇ ಹರಿಹಾಯ್ದು ದೊಡ್ಡದನ್ನೇ ತಂದರು. ಮನೆಯಲ್ಲಿ ಅವಳು ಎಡಕ್ಕೆ ತಿರುಗಿದರೆ ಹೆಲ್ಮೆಟ್ಟು ನೇರಕ್ಕೇ ನೋಡುತ್ತಿತ್ತು. ಅದಕ್ಕೂ ಒಳಗೆ ಫೋಮಿನ ತುಂಡು ಅಂಟಿಸಿದ್ದಾಯಿತು.

ಸರದಿಯ ದಿನ ಟ್ರ್ಯಾಕಿನ ಬಾಗಿಲಲ್ಲಿ ತಪಾಸಣೆಯ ಹುಡುಗಿ ಸೀಟನ್ನು ಮುಷ್ಟಿಯಿಂದ ಒತ್ತಿದಳು. ಅವಳ ಕೈ ಮಣಿಕಟ್ಟಿನವರೆಗೆ ಕಾಣೆಯಾಯಿತು. ಹೆಂಡತಿಗೆ ತಲೆ ಅಲ್ಲಾಡಿಸಲು ಹೇಳಿದಳು. ತಲೆ ಅಲ್ಲಾಡಿತು, ಹೆಲ್ಮೆಟ್ಟು ಅಲ್ಲಾಡಲಿಲ್ಲ. ಆಮೇಲೆ ಹುಡುಗಿ ಸಮಾಧಾನವಾಗಿ ಬಿಡಿಸಿ ಹೇಳಿದಳು. ಕಾರು ಎಲ್ಲಿಗಾದರೂ ಬಡಿದರೆ ಫೋಮು ಅಪ್ಪಚ್ಚಿಯಾಗುತ್ತದೆ, ಕೂತವರು ಕೆಳಗಿಳಿಯುತ್ತಾರೆ, ಬೆಲ್ಟು ಸಡಿಲವಾಗುತ್ತದೆ. ಸಡಿಲ ಹೆಲ್ಮೆಟ್ಟು ಬೇಕಾದ ಹೊತ್ತಿಗೆ ತಲೆಯ ಮೇಲಿರುವುದೇ ಇಲ್ಲ. ಈ ಕಾರನ್ನು ಒಳಗೆ ಬಿಡುವಂತಿಲ್ಲ.

ಹೆಂಡತಿ ಬೈದಿದ್ದರೆ ಮೇಸ್ತ್ರಿಗಳು ಉಳಿದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ವ್ಯಾನಿನಲ್ಲಿ ಅಳುವ ಮಕ್ಕಳನ್ನು ಸಂತೈಸುವ ದನಿಯಲ್ಲಿ, "ಹೋಗ್ಲಿ ಬಿಡಿ, ಮುಂದೆ ಯಾವಾಗ್ಲಾದ್ರೂ ನೋಡೋಣ" ಎಂದು ಕಾರಿನ ಕೀಲಿಯನ್ನು ಕೈಚೀಲಕ್ಕೆ ಹಾಕಿದಳು.

ಮೇಸ್ತ್ರಿಗಳು ನೇರವಾಗಿ ಹುಡುಗಿಯ ಮುಂದೆ ಹೋಗಿ ನಿಂತರು.

"ತಪ್ಪು ನನ್ನದಮ್ಮ. ಅವಳು ಚೆನ್ನಾಗಿ ಓಡಿಸ್ತಾಳೆ. ಹೆದರಿಕೊಂಡಿದ್ದು ನಾನು."

ಹುಡುಗಿ ಒಂದು ಗಳಿಗೆ ಯೋಚಿಸಿ, ಕಲಿಯುವವರಿಗೆಂದೇ ಇಟ್ಟಿದ್ದ ಟ್ರ್ಯಾಕಿನ ಕಾರನ್ನು ತೋರಿಸಿದಳು. ಅದರ ಸೀಟನ್ನು ಕಂಡು ಮೇಸ್ತ್ರಿಗಳೊಳಗಿನ ಕಸುಬುದಾರ ನರಳಿದ. ಬರೀ ಗಟ್ಟಿ ಚಿಪ್ಪು, ಮೇಲೆ ಹೆಸರಿಗೊಂದು ತೆಳು ಬಟ್ಟೆ. ಬೆರಳಿನಿಂದ ಬಡಿದರೆ ಟಕ್ ಟಕ್ ಅಂದಿತು.

"ಇದು ಸೀಟಲ್ಲಮ್ಮ, ಬಕೆಟ್ಟು."

"ಹೌದು ಸರ್, ಬಕೆಟ್ ಸೀಟ್ ಅಂತಾನೇ ಕರೀತೀವಿ."

ಚಿಪ್ಪು ಹೆಂಡತಿಯ ಸೊಂಟವನ್ನೂ ಭುಜಗಳನ್ನೂ ಎರಡೂ ಕಡೆಯಿಂದ ಹಿಡಿದುಕೊಂಡಿತು. ಟ್ರ್ಯಾಕಿನವರ ಹೆಲ್ಮೆಟ್ಟು ಕೆನ್ನೆಗಳನ್ನು ಒತ್ತಿ ಅವಳ ಮುಖ ಮುನಿದ ಕೂಸಿನಂತಾಯಿತು. ಬೆಲ್ಟು ಎಳೆಯುವ ಕೆಲಸ ಮೇಸ್ತ್ರಿಗಳ ಪಾಲಿಗೆ ಬಂತು. ಅವರು ಎಳೆದಷ್ಟೂ ಹುಡುಗಿ ಇನ್ನೂ ಬಿಗಿ, ಇನ್ನೂ ಬಿಗಿ ಅನ್ನುತ್ತಿದ್ದಳು. ನೋಯುತ್ತದೇನೋ ಎಂದು ಅವಳ ಮುಖ ನೋಡಿ ನೋಡಿ ಎಳೆದರು.

ಆ ಇಪ್ಪತ್ತು ನಿಮಿಷ ಮೇಸ್ತ್ರಿಗಳು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಕಾರು ಪ್ರತಿ ಸುತ್ತಿನಲ್ಲೂ ರೊಯ್ಯನೆ ಹಾದುಹೋದಾಗ, ಸದ್ಯ, ಇದ್ದಾಳೆ ಎಂದುಕೊಂಡರು. ಕೊನೆಗೆ ಅದು ಬಂದು ನಿಂತಿತು. ಕಿಟಕಿಯಲ್ಲಿ ಕಂಡ ಅವಳ ಕಣ್ಣುಗಳಲ್ಲಿ ನೀರೂ ಇತ್ತು, ನಗುವೂ ಇತ್ತು. ಮೇಸ್ತ್ರಿಗಳು ಓಡಿದರು.

"ನೋವಾಯ್ತೇನೇ? ತುಂಬಾ ಗಟ್ಟಿ ಇತ್ತಾ?"

"ಗಟ್ಟಿ ಇತ್ತು. ಆದ್ರೆ ಪ್ರತಿ ತಿರುವಿನಲ್ಲೂ ಗಟ್ಟಿಯಾಗಿ ಹಿಡ್ಕೊಳ್ತು ಕಣ್ರೀ, ಒಂದ್ಸಲಾನೂ ಬಿಡ್ಲಿಲ್ಲ. ಇಷ್ಟು ವರ್ಷದಲ್ಲಿ ನೀವು ಒಂದ್ಸಲ ಹಾಗೆ ಹಿಡ್ಕೊಂಡಿದ್ರೆ ನಾನು ಅರ್ಜಿನೇ ಹಾಕ್ತಿರ್ಲಿಲ್ಲ."

ತಪಾಸಣೆಯ ಹುಡುಗಿಗೆ ಕೈಯಲ್ಲಿದ್ದ ಕಾಗದದಲ್ಲಿ ತಟ್ಟನೆ ಏನೋ ಓದುವುದಿತ್ತು. ಮೇಸ್ತ್ರಿಗಳ ಕಿವಿ ಮಖಮಲ್ಲಿಗಿಂತ ಕೆಂಪಾಯಿತು. ಹೊಲಿದು ತೀರಿಸುವಂಥ ಮಾತಲ್ಲ ಇದು ಎಂದು ಅರ್ಥವಾಗಿ, ಜನರಿದ್ದಾರೆಂಬುದನ್ನೂ ಮರೆತು, ಕಿಟಕಿಯೊಳಗೆ ಅರ್ಧ ಮೈ ತೂರಿಸಿ ಹೆಂಡತಿಯನ್ನು ಗಟ್ಟಿಯಾಗಿ ತಬ್ಬಿಕೊಳ್ಳಲು ಹೋದರು. ಅವಳಿನ್ನೂ ಹೆಲ್ಮೆಟ್ಟು ತೆಗೆದಿರಲಿಲ್ಲ.

ಆ ದಿನ ಟ್ರ್ಯಾಕಿನಲ್ಲಿ ಆದದ್ದು ಒಂದೇ ಒಂದು ಗಾಯ. ಅದು ಮೇಸ್ತ್ರಿಗಳ ಹಣೆಗೆ!