ಗಾಳಿ ನೀರಿನ ಕೊಡ

ಎಲ್ಲ ರಗಳೆಗೂ ಕಾರಣ ಒಂದು ಹಿತ್ತಾಳೆ ಕೊಡ.

ಬನಹಟ್ಟಿಯ ಧರ್ಮರಾಜ ತನ್ನ ಮಗ್ಗದಲ್ಲೇ ನೇಯ್ದ ಜಾಳು ಬಲೆಯನ್ನು ಹುನ್ನೂರಿನ ತನ್ನ ಹೊಲದಲ್ಲಿ ಕಟ್ಟಿ, ಕೆಳಗೆ ಆ ಕೊಡ ಇಟ್ಟಿದ್ದ. ಅಲ್ಲಿ ಬೋರಿನ ನೀರೆಲ್ಲ ಉಪ್ಪು. ಅದನ್ನು ಕುಡಿದ ನಿಂಬೆ ಸಸಿಗಳು ಸುಟ್ಟು ಹೋಗುತ್ತಿದ್ದವು. ಗಾಳಿಯಲ್ಲಿರುವ ಸಿಹಿನೀರನ್ನೇ ಹಿಡಿದು ಉಣಿಸುತ್ತೇನೆಂಬುದು ಅವನ ಹಟ.

"ಒಂದ ಗುಟುಕ ಸೀನೀರ ನನ್ನ ಬಾಯಾಗ ಬಿದ್ರ ಬಲಿ ಇರ್ಲಿ. ಇಲ್ಲಂದ್ರ ಬಿಚ್ಚಿ ಸಂಡಿಗಿ ಮ್ಯಾಲ ಹೊಚ್ಚತೇನಿ" ಎಂದು ಹೆಂಡತಿ ರಾಜಮತಿ ಹೇಳಿಬಿಟ್ಟಿದ್ದಳು.

ಆ ಚಳಿಯ ಮುಂಜಾನೆ ಹೊಲಕ್ಕೆ ಬಂದವನು ಹಾಗೇ ನಿಂತುಬಿಟ್ಟ. ಮಂಜು ಕರಗುತ್ತಿತ್ತು. ಬಲೆಯ ಕಣ್ಣುಕಣ್ಣಿನಲ್ಲೂ ಒಂದು ಹನಿ, ಹನಿಯೊಳಗೊಂದು ಪುಟ್ಟ ಸೂರ್ಯ. ಕೊಡ ಅರ್ಧ ತುಂಬಿತ್ತು. ಮೋಡವಿಲ್ಲ, ಹಳ್ಳವಿಲ್ಲ, ಬರೀ ಗಾಳಿ ತಂದಿಟ್ಟ ನೀರು. ಬೆರಳದ್ದಿ ನೆಕ್ಕಿದರೆ ಸಿಹಿ. ಅವನ ಕಣ್ಣು ತುಂಬಿ ಬಂತು.

ಪಕ್ಕದ ಹೊಲದ ಲಗಮಪ್ಪ ಚಪ್ಪಲಿ ಬಿಟ್ಟು ಹತ್ತಿರ ಬಂದ. "ಸಾವಕಾರ್ರ, ಇದು ಖರೇನ ಗಾಳಿಯಿಂದ ಬಂದದ್ದೇನ್ರಿ?"

"ಖರೇನ. ಮನಿಯಾಕಿನ್ನ ಕರ್ಕೊಂಡ ಬರ್ತೇನಿ, ಅಲ್ಲೀತನಕ ಕೊಡ ನೋಡ್ಕೊ."

ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ. ಬಲೆಯ ಗೂಟಕ್ಕೆ ಕುಂಕುಮ, ಹೊಲದ ತುಂಬ ಹೆಜ್ಜೆ. ಕೊಡ ಮಾತ್ರ ತುಂಬಿ ತುಳುಕುತ್ತಿತ್ತು. ಧರ್ಮರಾಜನ ಮೈ ಜುಮ್ಮೆಂದಿತು.

"ನೋಡ, ಇಂಥಾ ಬಿಸಲಾಗೂ ಇಳದೈತಿ" ಎಂದ.

ರಾಜಮತಿಯದು ಸೋಸದ ನೀರು ಕುಡಿಯುವ ಮನೆತನವಲ್ಲ. ಬಟ್ಟೆ ಹಿಡಿದು ಸೋಸಿ ಒಂದು ಗುಟುಕು ಕುಡಿದಳು. ಮೋರೆ ಹುಣಸೆಕಾಯಿ ಕಚ್ಚಿದವಳಂತಾಯಿತು.

"ರೀ, ಗಾಳಿಗೂ ಬೋರ ಹೊಡಸೀರೇನು? ಉಪ್ಪಂದ್ರ ಉಪ್ಪು."

ಧರ್ಮರಾಜ ಲಗಮಪ್ಪನ ಮುಖ ನೋಡಿದ.

"ಊರ ಮಂದೆಲ್ಲಾ ಬಂದು ತೀರ್ಥ ತಗೊಂಡ್ರಿ ಸಾವಕಾರ್ರ. ಕೊಡ ಬರಿದಾತು. ಮಂದಿ ಪಾತ್ರಿ ಬರಿದ ಹೊಳ್ಳಿ ಕೊಡೂ ಪದ್ಧತಿ ನಮ್ಮಲ್ಲಿ ಎಲ್ಲೈತ್ರಿ? ಅದಕ್ಕ ನನ್ನ ಬೋರಿನ ನೀರ ತುಂಬಿಸಿ ಇಟ್ಟೇನಿ."

ರಾಜಮತಿ ಆಗಲೇ ಬಲೆಯ ಗಂಟಿಗೆ ಕೈಹಾಕಿದ್ದಳು. ಲಗಮಪ್ಪ ಕೈಮುಗಿದು ಅಡ್ಡ ನಿಂತ. "ಬ್ಯಾಡ್ರಿ ಅಕ್ಕಾರ. ನಾಳೆ ಸುತ್ತ ಹಳ್ಳಿಯವ್ರೂ ತೀರ್ಥಕ್ಕ ಬರಾವ್ರದಾರ."

ಬಲೆಯೇನೋ ಉಳಿಯಿತು. ಧರ್ಮರಾಜ ಮೆಲ್ಲಗೆ ಕೇಳಿದ, "ಮತ್ತ ನನ್ನ ಸಸಿಗೋಳು?"

"ಅವುಕ್ಕ ಚಿಂತಿ ಮಾಡಬ್ಯಾಡ್ರಿ" ಎಂದ ಲಗಮಪ್ಪ ಅಭಿಮಾನದಿಂದ. "ಪೈಪ ಹೆಂಗೂ ತಂದಿದ್ನಿ, ಅವುಕ್ಕೂ ಹೊಟ್ಟಿ ತುಂಬ ಕುಡಿಸೇನಿ."