ರಾಳ್ಳಕುಂಟೆ ಜಲ್ಲಿ ಪಥದ ನಿಯಮಾವಳಿ

ರಾಳ್ಳಕುಂಟೆಯ ರಸ್ತೆ ಹಾಳಾಗಿದೆ ಎಂದು ಹೇಳುವುದು ಕಳೆದ ಶ್ರಾವಣದಿಂದ ನಿಯಮಬಾಹಿರವಾಗಿದೆ. ಅದು ಹಾಳಾದ ರಸ್ತೆಯಲ್ಲ, ಜಿಲ್ಲೆಯ ಪ್ರಪ್ರಥಮ ಅಧಿಕೃತ ಜಲ್ಲಿ ಸೈಕಲ್ ಪಥ ಎಂದು ಗುಡ್ಡ-ಕಮರಿ ಸಾಹಸ ಸವಾರಿ ಉತ್ತೇಜನ ಕೋಶವು ಪ್ರಕಟಣೆ ಹೊರಡಿಸಿದೆ. ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ ದಿನ ಅಧ್ಯಕ್ಷೆ ಪೆದ್ದಮ್ಮ ಎರಡು ಸಲ ಓದಿಸಿ ಕೇಳಿದಳು. ಆಮೇಲೆ, "ಹಂಗಾದ್ರೆ ಟಾರು?" ಎಂದಳು.

ಈ ಪ್ರಶ್ನೆಗೆ ಹಿನ್ನೆಲೆಯಿದೆ. ರಾಳ್ಳಕುಂಟೆಯಿಂದ ಹೊರಟ ದಾರಿ ಪಾಪಾಗ್ನಿ ನದಿಯ ಕಮರಿಗೆ ಇಳಿದು, ಬಂಡೆಗಳ ನಡುವೆ ಹೊರಳಾಡಿ, ಆಚೆಯ ಗುಡ್ಡ ಹತ್ತಿ ಚಿಂತಾಮಣಿಯ ಮುಖ್ಯರಸ್ತೆ ಸೇರುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರ ಈ ದಾರಿಯುದ್ದಕ್ಕೂ ಜಲ್ಲಿ ಸುರಿಸಿ, ಟಾರು ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಜಲ್ಲಿ ಮಾತ್ರ ನಿಷ್ಠೆಯಿಂದ ಉಳಿದುಕೊಂಡಿತು. ಡೇರಿಗೆ ಹೊರಟ ಹಾಲು ಕುಲುಕಾಡಿ ದಾರಿಯಲ್ಲೇ ಬೆಣ್ಣೆಯಾಗುವ ಹಂತಕ್ಕೆ ಬರುತ್ತಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ಜಿಯಾವುಲ್ಲಾನ ಲಗೇಜ್ ಆಟೋ ಒಂದನ್ನು ಬಿಟ್ಟರೆ ಇನ್ನಾವ ಗಾಡಿಯೂ ಕಮರಿಗೆ ಇಳಿಯುತ್ತಿರಲಿಲ್ಲ. ಆಂಬುಲೆನ್ಸ್ ಮುಖ್ಯರಸ್ತೆಯಲ್ಲೇ ನಿಂತು, ರೋಗಿ ತನ್ನ ಬಳಿಗೆ ಬರಲೆಂದು ಕಾಯುತ್ತಿತ್ತು. ಅಲ್ಲಿಯವರೆಗೆ ಬರಬಲ್ಲ ರೋಗಿಗೆ ಆಂಬುಲೆನ್ಸ್ ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಪೆದ್ದಮ್ಮನ ಸೊಸೆ ತನುಜ ಬಸುರಿ. ಮೊದಲ ಹೆರಿಗೆ ಪದ್ಧತಿಯಂತೆ ತವರಾದ ಗೌರಿಬಿದನೂರಿನಲ್ಲಿ ಆಗಿತ್ತು, ಎರಡನೆಯದು ಗಂಡನ ಮನೆಯ ಪಾಲು. ಮಗು ಹೊರಗೆ ಬರುವುದರೊಳಗೆ ಟಾರು ಊರೊಳಗೆ ಬರಬೇಕು. ಪೆದ್ದಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟರಲ್ಲಿ ಬೆಂಗಳೂರಿನ ಮೋಹನ್‌ಬಾಬು ಎಂಬ ಸೈಕಲ್ ಪ್ರಿಯರು ಕೈವಾರಕ್ಕೆಂದು ಹೊರಟು, ದಾರಿ ತಪ್ಪಿ ಕಮರಿಗೆ ಇಳಿದರು. ಮೂರು ಕಡೆ ಬಿದ್ದರು. ಎದ್ದು ಫೋಟೋ ತೆಗೆದು, ಇಂಥ ಕಲ್ಲು, ಇಂಥ ಇಳಿಜಾರು, ಇಂಥ ನಿರ್ಲಕ್ಷ್ಯ ಹೊರದೇಶಗಳಲ್ಲೂ ಸಿಗದು ಎಂದು ಫೋನಿನಲ್ಲಿ ಬರೆದು ಊರಿಗೆಲ್ಲ ಹಂಚಿದರು. ಆಂಬುಲೆನ್ಸ್ ತಲುಪದ ಊರನ್ನು ಒಂದೇ ವಾರದಲ್ಲಿ ಲಕ್ಷಾಂತರ ಜನ ಕುಳಿತಲ್ಲಿಂದಲೇ ತಲುಪಿದರು. ಹಿಂದೆಯೇ ಕೋಶದ ಸಂಯೋಜನಾಧಿಕಾರಿ ಮಧುಸೂದನ್ ಜೀಪಿನಲ್ಲಿ ಬಂದು, ಮುಖ್ಯರಸ್ತೆಯಲ್ಲಿ ಇಳಿದು, ನಡೆದು ಊರು ಸೇರಿದರು.

"ಅಧ್ಯಕ್ಷರೇ, ನಿಮ್ಮೂರು ಪುಣ್ಯ ಮಾಡಿತ್ತು. ಇಂಥ ಪಥ ಹೊಸದಾಗಿ ಮಾಡ್ಬೇಕು ಅಂದ್ರೆ ಎಷ್ಟು ವರ್ಷ ಬೇಕು ಗೊತ್ತಾ?"

"ಇದು ಮಾಡಿರೋದಲ್ಲ ಸಾರ್, ಬಿಟ್ಟು ಹೋಗಿರೋದು."

"ಅದೇ ಇದರ ವೈಶಿಷ್ಟ್ಯ."

"ನನ್ ಸೊಸೆ ಬಸ್ರಿ. ನೋವು ಬಂದ್ರೆ ಏನ್ ಮಾಡ್ಲಿ?"

"ನಿಯಮಾವಳೀಲಿ ಅದಕ್ಕೆ ನಿಷೇಧ ಏನೂ ಇಲ್ಲಮ್ಮ," ಎಂದು ಮಧುಸೂದನ್ ಧೈರ್ಯ ತುಂಬಿದರು.

ನಿಷೇಧಗಳು ಬೇರೆ ಇದ್ದವು. ಪಥದ ಕಲ್ಲನ್ನು ಯಾರೂ ಕದಲಿಸಕೂಡದು. ಭಾನುವಾರ ಸವಾರಿಯ ದಿನವಾದ್ದರಿಂದ ಎಂಜಿನ್ ಇರುವ ವಾಹನ ಇಳಿಯಕೂಡದು. ನದಿಯಲ್ಲಿ ನೀರಿಲ್ಲ ಎಂಬ ಸಂಗತಿಯನ್ನು ಪ್ರವಾಸಿಗರ ಗಮನಕ್ಕೆ ತರಕೂಡದು. ಟಾರು, ಟಾರಿನ ಡಬ್ಬಿ ಹಾಗೂ ಟಾರಿನ ವಾಸನೆ ಪಥದ ಆಸುಪಾಸಿನಲ್ಲಿ ಕಂಡುಬಂದಲ್ಲಿ ಪಂಚಾಯಿತಿಯೇ ಹೊಣೆ.

ಪೆದ್ದಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಕೋಪ ಬಂದಾಗ ಕೂಗಾಡುವುದು ಅವಳ ಜಾಯಮಾನವಲ್ಲ. ಹುರುಳಿ ಕೊಯ್ಲಾಗುವವರೆಗೆ ಕಾದಳು.

ಈ ಸೀಮೆಯಲ್ಲಿ ಹುರುಳಿ ಕೊಯ್ದವರು ಈಗ ಕಣಕ್ಕೆ ಹೋಗುವುದಿಲ್ಲ, ರಸ್ತೆಗೆ ಹೋಗುತ್ತಾರೆ. ಒಣಗಿದ ಗಿಡಗಳನ್ನು ಟಾರಿನ ಮೇಲೆ ಹರಡಿದರೆ ಬಸ್ಸು ಲಾರಿಗಳು ಅದರ ಮೇಲೆ ಹಾದು ಕಾಳು ಬಿಡಿಸಿಕೊಡುತ್ತವೆ. ಎರಡು ಚಕ್ರದವರು ಅದರ ಮೇಲೆ ಜಾರಿ ಬಿದ್ದು, ಬೆಳೆದವರ ವಂಶವನ್ನೆಲ್ಲ ನೆನೆಯುವುದೂ ಒಕ್ಕಣೆಯ ಭಾಗವೇ. ಪೆದ್ದಮ್ಮ ಒಂದು ಶನಿವಾರ ತನ್ನ ಹೊಲದ ಹುರುಳಿಯನ್ನಷ್ಟೂ ಕಮರಿಯ ಇಳಿಜಾರಿನಲ್ಲಿ ಹರಡಿಸಿದಳು. ಸೈಕಲ್ಲಿನವರು ಬೀಳಲಿ, ಬೈಯಲಿ, ಮತ್ತೆ ಈ ಕಡೆ ತಲೆ ಹಾಕದಿರಲಿ, ಪಥ ರದ್ದಾಗಲಿ ಎಂಬುದು ಅವಳ ಹಂಚಿಕೆ.

ಸೈಕಲ್ಲಿನವರು ಬಿದ್ದರು. ಬೈಯಲಿಲ್ಲ. ಕಲ್ಲಿನ ಮೇಲೆ ಬೀಳುತ್ತಿದ್ದವರಿಗೆ ಹುರುಳಿಯ ಮೇಲೆ ಬೀಳುವುದು ಹಾಸಿಗೆಯಂತಿತ್ತು. "ಏನ್ ಸರ್ಫೇಸ್ ಅಮ್ಮ ಇದು, ಸೂಪರ್," ಎಂದರು ಮೋಹನ್‌ಬಾಬು, ತಲೆಗೂದಲಿನಿಂದ ಹುರುಳಿ ಕಾಯಿ ತೆಗೆಯುತ್ತ. "ನೆಕ್ಸ್ಟ್ ವೀಕೂ ಹಾಕ್ತೀರಾ?" ಮುಂದಿನ ವಾರ ಇಮ್ಮಡಿ ಜನ ಬಂದರು. ಕೆಲವರು ಸವಾರಿಯ ಗೊಡವೆಗೇ ಹೋಗದೆ ಬೀಳುವುದಕ್ಕಷ್ಟೇ ಬಂದಿದ್ದರು. ಮಧುಸೂದನ್ ಒಡನೆಯೇ ತಿದ್ದುಪಡಿ ಹೊರಡಿಸಿದರು: ಪಥದ ಮೇಲೆ ಹುರುಳಿ ಕಡ್ಡಾಯ, ಹುರುಳಿ ಸಿಗದ ಕಾಲದಲ್ಲಿ ಅವರೆ, ತೊಗರಿಗೆ ಮಾತ್ರ ಪೂರ್ವಾನುಮತಿ ಪಡೆಯತಕ್ಕದ್ದು.

ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗಾಯಿತು. ಉದುರಿದ ಕಾಳೆಲ್ಲ ಜಲ್ಲಿಯ ಸಂದಿಗೆ ಸೇರಿಕೊಂಡಿತು. ಊರಿನವರು ಬಾಚಿ, ಕೇರಿ, ಆರಿಸಿ ತಂದರೂ ಆ ತಿಂಗಳು ರಾಳ್ಳಕುಂಟೆಯಲ್ಲಿ ಹುರುಳಿ ಸಾರು ಉಂಡವರು ಅಗಿಯುವ ಮುಂಚೆ ಯೋಚಿಸುತ್ತಿದ್ದರು. ತನುಜ ಸಾರಿನಿಂದ ಒಂದು ಕಲ್ಲನ್ನು ಎತ್ತಿ ತಟ್ಟೆಯ ಅಂಚಿಗಿಟ್ಟು, "ಅತ್ತೆ, ಇದನ್ನ ಕದಲಿಸ್ಬಹುದಾ?" ಎಂದು ಕೇಳಿದಳು. ಪೆದ್ದಮ್ಮ ಉಣ್ಣುವುದನ್ನು ಬಿಟ್ಟು ಎದ್ದಳು. ಮರುದಿನವೇ ಚಿಕ್ಕಬಳ್ಳಾಪುರದ ಕೋಶದ ಕಚೇರಿಯಲ್ಲಿದ್ದಳು.

"ಸಾರ್, ಹುರುಳಿ ಎಲ್ಲಾ ನಿಮ್ ಜಲ್ಲಿ ಒಳಕ್ಕೆ ಸೇರ್ಕೊಂಡ್ ಹೋಗ್ತಾ ಐತೆ."

ಮಧುಸೂದನ್ ಕುರ್ಚಿಯಿಂದ ಎದ್ದರು. ಜಲ್ಲಿಗೆ ಕಾಳು ಬೆರೆತರೆ ಜಲ್ಲಿಯ ಶುದ್ಧತೆ ಉಳಿಯುವುದಿಲ್ಲ. "ಏನ್ ಮಾಡ್ಬೇಕಮ್ಮ ಈಗ?"

"ಹುರುಳಿ ಕೆಳಗೆ ಟಾರು ಇರ್ಬೇಕು ಸಾರ್. ನಮ್ ತಾತನ ಕಾಲದಿಂದ ಸಂಪ್ರದಾಯ ಅದು."

ತಾತನ ಕಾಲದಲ್ಲಿ ಟಾರು ಇರಲಿಲ್ಲ. ಆದರೆ ಸಂಪ್ರದಾಯ ಎಂದ ಮೇಲೆ ಕೋಶದಲ್ಲಿ ಯಾರೂ ಇಸವಿ ಕೇಳುವುದಿಲ್ಲ. ರಸ್ತೆಯ ಹೆಸರಿನಲ್ಲಿ ಅಷ್ಟು ವರ್ಷ ಬಾರದ ಟಾರು 'ಸಾಂಪ್ರದಾಯಿಕ ಹುರುಳಿ ತಳಹದಿ' ಎಂಬ ಹೆಸರಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ಬಂತು. ಕಮರಿಯ ಆಚೆಯಿಂದ ಈಚೆಯವರೆಗೆ ರಸ್ತೆ ಕಪ್ಪಗೆ ಮಿರಮಿರ ಮಿಂಚಿತು. ಪೆದ್ದಮ್ಮ ಚಪ್ಪಲಿ ಕಳಚಿ ಅದರ ಮೇಲೆ ನಡೆದು ನೋಡಿದಳು. ಕಣ್ಣು ತುಂಬಿತು. ಮನೆಗೆ ಬಂದು ಸೊಸೆಗೆ, "ಇನ್ ಮ್ಯಾಕೆ ಯಾವಾಗ ಬೇಕಾದ್ರೂ ಹೆರು ಕಣಮ್ಮ," ಎಂದಳು.

ಒಂದು ತೊಡಕು ಉಳಿಯಿತು. ಟಾರು ಹಾಕಿದ ಮೇಲೆ ಅದು ಜಲ್ಲಿ ಪಥವಾಗಿ ಉಳಿಯುವುದು ಹೇಗೆ? ಮಧುಸೂದನ್ ಅದನ್ನೂ ಬಗೆಹರಿಸಿದರು. ಶನಿವಾರ ಸಂಜೆ ಟಾರಿನ ಮೇಲೆ ಜಲ್ಲಿ ಹರಡತಕ್ಕದ್ದು, ಸೋಮವಾರ ಬೆಳಿಗ್ಗೆ ಗುಡಿಸಿ ಗುಡ್ಡೆ ಹಾಕತಕ್ಕದ್ದು. ಹುರುಳಿ ಯಾವುದರ ಮೇಲೆ ಎಂಬುದನ್ನು ಮುಂದಿನ ತಿದ್ದುಪಡಿಗೆ ಬಿಟ್ಟರು. ಹರಡಲು, ಗುಡಿಸಲು ಊರಿನ ಹೆಂಗಸರಿಗೇ ಕೂಲಿ. ವಾರದಲ್ಲಿ ಆರು ದಿನ ತನ್ನ ಕಡೆಗಿವೆ, ಒಂದು ದಿನ ಕೋಶಕ್ಕೆ ಹೋದರೆ ಹೋಗಲಿ ಎಂದು ಪೆದ್ದಮ್ಮ ಒಪ್ಪಿಕೊಂಡಳು.

ತನುಜಳಿಗೆ ನೋವು ಬಂದದ್ದು ಭಾನುವಾರ.

ಆಂಬುಲೆನ್ಸ್ ಬಂತು. ಮುಖ್ಯರಸ್ತೆಯಲ್ಲಿ ನಿಂತು ಜಲ್ಲಿಯನ್ನು ನೋಡಿ, ಹಳೆಯ ಪದ್ಧತಿಯಂತೆ ಕಾಯತೊಡಗಿತು. ಊರ ಮುಂದೆ ಮಧುಸೂದನ್ ಬಾವುಟ ಹಿಡಿದು ಭಾನುವಾರದ ಸ್ಪರ್ಧೆಯ ಸವಾರರನ್ನು ಬಿಡುತ್ತಿದ್ದರು. ಪೆದ್ದಮ್ಮ ಅವರ ಮುಂದೆ ಬಂದು ನಿಂತಳು.

"ಸಾರ್, ಜಿಯಾವುಲ್ಲಾನ ಆಟೋ ಬಿಡ್ರಿ. ಸೊಸೇಗೆ ನೋವು."

"ಇವತ್ತು ಎಂಜಿನ್ ವಾಹನ ನಿಷಿದ್ಧ ಅಮ್ಮ. ಸ್ಪರ್ಧಿಯ ಬೆಂಗಾವಲಿಗೆ ಮಾತ್ರ ಅವಕಾಶ."

"ಹಂಗಾದ್ರೆ ಅವಳನ್ನ ಸ್ಪರ್ಧಿ ಮಾಡ್ರಿ."

ಮಧುಸೂದನ್ ನಿಯಮಾವಳಿ ತಿರುವಿ ಹಾಕಿದರು. ಸ್ಪರ್ಧಿಯು ಸೈಕಲ್ ಹೊಂದಿರತಕ್ಕದ್ದು ಎಂದಿತ್ತು, ಅದರ ಮೇಲೆ ಕುಳಿತಿರತಕ್ಕದ್ದು ಎಂದಿರಲಿಲ್ಲ. ಪೆದ್ದಮ್ಮನ ಗಂಡನ ತುಕ್ಕು ಹಿಡಿದ ಸೈಕಲ್ಲನ್ನು ಆಟೋದ ಹಿಂದೆ ಹಾಕಿದರು. ಅದರ ಪಕ್ಕ ಗೂಡಿನ ಖಾಲಿ ಚೀಲಗಳ ಮೇಲೆ ಕಂಬಳಿ ಹಾಸಿ ತನುಜಳನ್ನು ಮಲಗಿಸಿದರು. ಪೆದ್ದಮ್ಮನೂ ಹತ್ತಿ ಪಕ್ಕದಲ್ಲಿ ಕೂತಳು. ಅವಳ ಹೊಟ್ಟೆಯ ಮೇಲೆ ನಂಬರು ಕಟ್ಟುವವರೆಗೆ ಮಧುಸೂದನ್ ಬಾವುಟ ಎತ್ತಲಿಲ್ಲ.

"ಗೂಡಿಗಿಂತ ನಾಜೂಕು ಮಾಲು ಇದು, ಅಕ್ಕ. ನಿಧಾನಕ್ಕೆ ಹೋಗ್ತೀನಿ," ಎಂದ ಜಿಯಾವುಲ್ಲಾ.

"ನಿಧಾನ ಬ್ಯಾಡಣ್ಣ," ಎಂದಳು ತನುಜ ಹಲ್ಲು ಕಚ್ಚಿ.

ಆಟೋ ಜಲ್ಲಿಯ ಮೇಲೆ ಕುಣಿಯುತ್ತ ಕಮರಿಗೆ ಇಳಿಯಿತು. ಸೈಕಲ್ಲಿನವರು ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಗುರಿ ಇನ್ನೂ ಒಂದು ಗುಡ್ಡದಾಚೆ ಇರುವಾಗ, ಸವಾರರಿಗೆ ಎಳನೀರು ಕೊಡುವ ತಿರುವಿನಲ್ಲಿ, ಹೆಣ್ಣುಮಗು ಹುಟ್ಟಿತು. ಪೆದ್ದಮ್ಮ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಅತ್ತಳು, ನಕ್ಕಳು, ಆ ಗುತ್ತಿಗೆದಾರನಿಂದ ಹಿಡಿದು ಕೋಶದವರೆಗೆ ಎಲ್ಲರಿಗೂ ತೆಲುಗಿನಲ್ಲಿ ಹಿಡಿಶಾಪ ಹಾಕಿದಳು.

ಮುಖ್ಯರಸ್ತೆಯಲ್ಲಿ ಆಂಬುಲೆನ್ಸಿಗೆ ತಾಯಿ ಮಗುವನ್ನು ಹತ್ತಿಸುವಾಗ ಹಿಂದೆಯೇ ಸೈಕಲ್ ತುಳಿದುಕೊಂಡು ಬಂದ ಮಧುಸೂದನ್ ತಡೆದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. "ಅಮ್ಮ, ಹೊರಟಿದ್ದು ಒಬ್ರು, ತಲುಪಿದ್ದು ಇಬ್ರು. ಈ ಮಗು ನೋಂದಣಿ ಇಲ್ದೆ ಮಧ್ಯದಲ್ಲಿ ಪಥಕ್ಕೆ ಬಂದಿದೆ."

"ಅದು ಮೊದ್ಲಿಂದಾನೂ ಒಳಗೇ ಇತ್ತಪ್ಪ," ಎಂದಳು ಪೆದ್ದಮ್ಮ.

ಮಧುಸೂದನ್ ಅದನ್ನು ಮಾನ್ಯ ಮಾಡಿದರು. ಮಗುವನ್ನು ತಡವಾಗಿ ನೋಂದಾಯಿಸಿ, ಸವಾರಿಯ ಬಗೆ ಎಂಬಲ್ಲಿ 'ತಾಯಿ' ಎಂದು ಬರೆದುಕೊಂಡು, ಪಥ ಪೂರೈಸಿದ ಅತಿ ಕಿರಿಯ ಸ್ಪರ್ಧಿಯೆಂದು ಪದಕ ಕೊಟ್ಟರು. ಮೋಹನ್‌ಬಾಬು ಫೋಟೋ ತೆಗೆದರು. ಪಂಚಾಯಿತಿ ಸಭೆಯಲ್ಲಿ ಕೋಶಕ್ಕೆ ಕೃತಜ್ಞತೆ ಸಲ್ಲಿಸುವ ನಿರ್ಣಯ ಒಮ್ಮತದಿಂದ ಅಂಗೀಕಾರವಾಯಿತು. ಅಧ್ಯಕ್ಷೆಯೂ ಕೈ ಎತ್ತಿದಳು, ಆ ಕೈಯಲ್ಲಿ ಮೊಮ್ಮಗಳ ಪದಕವಿತ್ತು.

ಈಗ ಸುತ್ತಲಿನ ಊರುಗಳ ಬಸುರಿಯರೂ ಏಳನೇ ತಿಂಗಳಲ್ಲೇ ಕೋಶಕ್ಕೆ ಹೋಗಿ ನಂಬರು ಪಡೆದುಕೊಂಡು ಬರುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಆಂಬುಲೆನ್ಸ್ ರಾಳ್ಳಕುಂಟೆಯ ಮನೆ ಬಾಗಿಲಿಗೇ ಬರುತ್ತದೆ, ಆದರೆ ಬರಿಯ ಟಾರಿನ ಮೇಲೆ ಹೋಗಿ ಹೆತ್ತವರು ಪದಕಕ್ಕೆ ಅರ್ಹರಲ್ಲ. ಹಾಗಾಗಿ ಶನಿವಾರ ನೋವು ಕಾಣಿಸಿಕೊಂಡರೆ ಮನೆಯ ಅತ್ತೆಯರು ಸೊಸೆಯ ಬೆನ್ನು ನೀವುತ್ತ, "ಇನ್ನೊಂದು ರಾತ್ರಿ ತಡ್ಕೊಳಮ್ಮ, ನಾಳೆ ಜಲ್ಲಿ ಇರ್ತೈತೆ," ಎನ್ನುತ್ತಾರೆ.